ಎರಡು ಮೀಟರಿನ ಮನೆ

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಒಂದು ಮನೆಯ ಸಮಾಚಾರ ತಿಳಿಯಲು ಕಾಲಿಂಗ್ ಬೆಲ್ ಒತ್ತಬೇಕಿಲ್ಲ. ಗೇಟು ತೆಗೆದು, ನಾಯಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಪಕ್ಕದ ಗೋಡೆಯ ಮೀಟರ್ ಬೋರ್ಡಿನ ಕಡೆ ಕಣ್ಣು ಹಾಯಿಸಿದರೆ ಸಾಕು. ಮೀಟರು ಒಂದೇ ಇದ್ದರೆ ಒಂದು ಸಂಸಾರ. ಎರಡಿದ್ದರೆ ಮಹಡಿ ಮೇಲೆ ಬಾಡಿಗೆಯವರು, ಇಲ್ಲವೇ ಭಾಗವಾದ ಅಣ್ಣತಮ್ಮಂದಿರು. ಮೂರನೆಯದೊಂದು ಮೂಲೆಯಲ್ಲಿ ಮುದುಡಿಕೊಂಡಿದ್ದರೆ ಟೆರೇಸಿನ ಮೇಲೆ ಶೀಟಿನ ರೂಮು, ಅದರಲ್ಲೊಬ್ಬ ಬ್ಯಾಚುಲರ್ ಹುಡುಗ. ಆರೇಳು ಮೀಟರು ಸಾಲಾಗಿ ನಿಂತಿದ್ದರೆ ಆ ಮನೆಯ ಮಾಲೀಕರು ಅಲ್ಲಿ ವಾಸ ಇಲ್ಲವೆಂದೇ ತಿಳಿಯಬೇಕು.

30–40ರ ಸೈಟಿನಲ್ಲಿ ಕೆಳಗೆ ತಾವಿದ್ದು ಮೇಲೆ ಬಾಡಿಗೆಗೆ ಕೊಡುವುದು ಈ ಊರಿನ ಮಧ್ಯಮ ವರ್ಗದ ಪಿಂಚಣಿ ಯೋಜನೆ. ಮನೆ ನೋಡಲು ಬಂದವರು ಕೇಳುವ ಮೊದಲ ಪ್ರಶ್ನೆ, ಕಾವೇರಿ ನೀರು ಬರುತ್ತದೆಯೇ ಎಂದು. ಎರಡನೆಯದು, "ಮೀಟರ್ ಸಪರೇಟಾ ಸಾರ್?" ಸಪರೇಟು ಎಂದ ಮೇಲೆಯೇ ಅವರು ಚಪ್ಪಲಿ ಬಿಟ್ಟು ಒಳಗೆ ಬರುವುದು. ಬಾಡಿಗೆ ಎಷ್ಟಾದರೂ ಕೊಟ್ಟಾರು, ಇನ್ನೊಬ್ಬರ ಫ್ಯಾನಿನ ಗಾಳಿಗೆ ದುಡ್ಡು ಕೊಡಲು ಮಾತ್ರ ಯಾರೂ ತಯಾರಿಲ್ಲ.

ನಮ್ಮದೂ ಎರಡು ಮೀಟರಿನ ಮನೆ. ಕೆಳಗಿನದು ನಮ್ಮ ತಂದೆ ಕಟ್ಟಿಸಿದ್ದು. ಮೇಲಿನ ಅಂತಸ್ತು ತೊಂಬತ್ತರ ದಶಕದಲ್ಲಿ ಎದ್ದದ್ದು. ಅದಕ್ಕೆ ಹೊರಗಿನಿಂದ ಮೆಟ್ಟಿಲು, ಬೇರೆ ಅಡಿಗೆಮನೆ, ಬೇರೆ ಆರ್‌.ಆರ್‌. ನಂಬರು. ಆಮೇಲೆ ಪುಣೆಯಲ್ಲಿದ್ದ ಮಗ, ಸೊಸೆ, ಮೊಮ್ಮಗಳು ಊರಿಗೇ ಬಂದು ನೆಲೆಸುವುದೆಂದಾಯಿತು. ಅಷ್ಟರಲ್ಲಿ ಮಹಡಿಯವರೂ ಸ್ವಂತ ಫ್ಲ್ಯಾಟಿಗೆ ಹೊರಟರು. ಮೆಟ್ಟಿಲಿಗೆ ಸುತ್ತ ಗೋಡೆ ಎಬ್ಬಿಸಿ, ಹಾಲಿನ ಗೋಡೆ ಒಡೆದು ಬಾಗಿಲಿಟ್ಟರೆ ಎರಡು ಮನೆ ಒಂದಾಗುತ್ತದೆ ಎಂದ ಗಾರೆ ಮೇಸ್ತ್ರಿ, ಹಾಗೇ ಮಾಡಿಯೂ ಕೊಟ್ಟ. ಸಿಮೆಂಟಿನ ಪಾಲಿಗೆ ಒಂದಾಯಿತು. ಕರೆಂಟಿನ ಪಾಲಿಗೆ ಅದು ಇನ್ನೂ ಮುಖ ನೋಡದ ಎರಡು ಮನೆ.

ವೈರಿಂಗಿಗೆ ನಮ್ಮ ಬೀದಿಗೆಲ್ಲ ಒಬ್ಬರೇ, ಭಾಯಿ. ಅರವತ್ತು ದಾಟಿದ ಮನುಷ್ಯ. ಲ್ಯಾಮಿನೇಟ್ ಮಾಡಿಸಿದ ವೈರ್‌ಮನ್ ಪರ್ಮಿಟ್ಟು ಪರ್ಸಿನಲ್ಲಿ, ಟೆಸ್ಟರು ಷರ್ಟಿನ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ. ಬಂದವರು ಮನೆಯ ಒಳಗೇ ಬರಲಿಲ್ಲ. ಮೀಟರ್ ಬೋರ್ಡಿನ ಎದುರು ನಿಂತು, ಕಂಬದಿಂದ ಬಂದ ಎರಡು ಸರ್ವಿಸ್ ವೈರುಗಳನ್ನು ಕತ್ತೆತ್ತಿ ನೋಡಿ, "ಇದು ಯಾವ ಫೇಸು, ಅದು ಯಾವ ಫೇಸು ಸಾರ್?" ಎಂದರು.

ನನಗೆ ಅದು ಗೊತ್ತಿರಲಿಲ್ಲ, ನಮ್ಮನೆಯವಳಿಗೆ ಗೊತ್ತಿತ್ತು. ಲೋಡ್ ಶೆಡ್ಡಿಂಗಿನ ಕಾಲದಲ್ಲಿ ನಮ್ಮಲ್ಲಿ ಕರೆಂಟು ಹೋದಾಗ ಎಷ್ಟೋ ಸಲ ಮಹಡಿ ಮೇಲೆ ಇರುತ್ತಿತ್ತು. ಆಗ ಮೇಲಿನವರ ಬಾಲ್ಕನಿಯಿಂದ ಒಂದು ಎಕ್ಸ್‌ಟೆನ್ಷನ್ ವೈರು ಇಳಿಬಿಡಿಸಿಕೊಂಡು ನಮ್ಮ ಫ್ರಿಜ್ಜನ್ನು ಉಳಿಸಿಕೊಳ್ಳುತ್ತಿದ್ದೆವು. ಪ್ರತಿಯಾಗಿ ನಮ್ಮಲ್ಲಿದ್ದು ಅವರಲ್ಲಿ ಹೋದಾಗ ಅವರ ಮಗಳು ಪುಸ್ತಕ ಹಿಡಿದು ಕೆಳಗೆ ಬರುತ್ತಿದ್ದಳು. "ಹಾಗಾದ್ರೆ ಬೇರೆ ಬೇರೆ ಫೇಸೇ" ಎಂದು ಭಾಯಿ ತಲೆಯಾಡಿಸಿದರು.

ಬೀದಿಯ ಕಂಬದ ಮೇಲೆ ಮೂರು ಫೇಸು, ಒಂದು ನ್ಯೂಟ್ರಲ್ಲು. ಯಾವುದೇ ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 230 ವೋಲ್ಟು. ಅದೇ ಒಂದು ಫೇಸಿಗೂ ಇನ್ನೊಂದು ಫೇಸಿಗೂ ನಡುವೆ ಸುಮಾರು 400. ಕೆಳಗಿನ ಮನೆಗೆ ಒಂದು, ಮೇಲಿನ ಮನೆಗೆ ಇನ್ನೊಂದು ಫೇಸಿದ್ದಾಗ ನಡುವೆ ಆರ್‌ಸಿಸಿ ಇತ್ತು, ತೊಂದರೆಯಿರಲಿಲ್ಲ. ಈಗ ಮಗನಿಗೆ ಮೆಟ್ಟಿಲ ಕೆಳಗೆ ಟಿವಿ ಬೇಕು. ಆ ಜಾಗಕ್ಕೆ ಹತ್ತಿರದ ಪೈಪು ಮೇಲಿನ ಬೋರ್ಡಿನಿಂದ ಬರುತ್ತದೆ. ಅಲ್ಲಿಂದ ಎಳೆದರೆ ಒಂದೇ ಹಾಲಿನಲ್ಲಿ, ಒಂದೇ ಸೋಫಾದ ಆ ಕಡೆ ಈ ಕಡೆ, ಎರಡು ಫೇಸಿನ ಪ್ಲಗ್ಗುಗಳು. "ಈ ಬೋರ್ಡಿಗೂ ಆ ಬೋರ್ಡಿಗೂ ಮಧ್ಯೆ ನಾನೂರು ವೋಲ್ಟ್ ನಿಂತಿರ್ತದೆ ಸಾರ್. ಮಗು ಇರೋ ಮನೆ." ಅಷ್ಟೇ ಅಲ್ಲ, ಏನಾದರೂ ಹೆಚ್ಚುಕಮ್ಮಿಯಾಗಿ ಯಾರಾದರೂ ಓಡಿಹೋಗಿ ಮೇನ್ ಸ್ವಿಚ್ ಆರಿಸಿದರೆ ಅರ್ಧ ಮನೆ ಮಾತ್ರ ಆರುತ್ತದೆ, ಉಳಿದರ್ಧ ಇನ್ನೊಂದು ಮೇನಿನ ಮೇಲೆ ಜೀವಂತ ಇರುತ್ತದೆ. ಒಂದು ಮನೆ ಎಂದ ಮೇಲೆ ಒಂದು ಕೈಗೆ ಇಡೀ ಮನೆ ಆರಬೇಕು. ಇದು ಭಾಯಿಯ ಮೊದಲ ಷರತ್ತು.

ಬೀದಿಯವರ ಸಲಹೆ ಬೇರೆಯೇ ಇತ್ತು. ಎರಡು ನಂಬರು ಇರುವವರು ಒಂದನ್ನು ಬಿಟ್ಟುಕೊಡುವುದು ಅವರ ದೃಷ್ಟಿಯಲ್ಲಿ ಕೈಯಾರೆ ಸೈಟು ಬಿಟ್ಟುಕೊಟ್ಟಷ್ಟೇ ದಡ್ಡತನ. ಅದಕ್ಕೆ ಹಳೆಯ ಕಾರಣವೂ ಇತ್ತು. ಮೊದಲು ಯೂನಿಟ್ಟಿನ ದರ ಸ್ಲ್ಯಾಬಿನಲ್ಲಿತ್ತು. ಮೊದಲಷ್ಟು ಯೂನಿಟ್ಟು ಅಗ್ಗ, ಏರುತ್ತ ಹೋದಂತೆ ತುಟ್ಟಿ. ಎರಡು ಮೀಟರಿದ್ದರೆ ಅಗ್ಗದ ಸ್ಲ್ಯಾಬು ಎರಡು ಸಲ ಸಿಗುತ್ತಿತ್ತು. ಆ ಲಾಭ 2024ರ ಏಪ್ರಿಲಿಗೆ ಮುಗಿಯಿತು; ಈಗ ಮನೆಬಳಕೆಗೆ ಎಲ್ಲ ಯೂನಿಟ್ಟಿಗೂ ಒಂದೇ ದರ. ನಿಗದಿತ ಶುಲ್ಕ ಕಿಲೋವ್ಯಾಟಿನ ಲೆಕ್ಕದಲ್ಲಿ ಬೀಳುವುದರಿಂದ ಮೂರು, ಎರಡು ಎಂದು ಎರಡು ಮೀಟರಿನಲ್ಲಿ ಹಂಚಿಟ್ಟರೂ ಐದು ಎಂದು ಒಂದರಲ್ಲೇ ಇಟ್ಟರೂ ಅದರಲ್ಲೇನೂ ಉಳಿಯುವುದಿಲ್ಲ, ಹೋಗುವುದೂ ಇಲ್ಲ.

"ಅದಲ್ಲ, ಗೃಹಜ್ಯೋತಿ?" ಎಂದರು ಎದುರು ಮನೆಯವರು, ದನಿ ತಗ್ಗಿಸಿ.

2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯ ಲೆಕ್ಕ ನಮ್ಮ ಬೀದಿಯಲ್ಲಿ ಬಾಯಿಪಾಠ. 2022–23ರ ಸರಾಸರಿ ಬಳಕೆಗೆ ನೂರಕ್ಕೆ ಹತ್ತು ಸೇರಿಸಿ, 200 ಯೂನಿಟ್ಟಿನ ಮಿತಿಯೊಳಗೆ ಉಚಿತ. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಆಧಾರಿಗೆ ಒಂದು ನಂಬರು ಮಾತ್ರ. ಆದ್ದರಿಂದ ಕೆಳಗಿನದು ನನ್ನ ಆಧಾರಿಗೆ, ಮೇಲಿನದು ಮಗನ ಆಧಾರಿಗೆ ಜೋಡಿಸಿದರೆ ಎರಡೂ ಕಡೆ ಸೊನ್ನೆ ಬಿಲ್ಲು, ಇನ್ನೇನು ಬೇಕು ಎಂಬುದು ಎದುರು ಮನೆಯವರ ವಾದ. ಅವರ ಮನೆಯಲ್ಲಿ ಒಂದೇ ಒಲೆಗೆ ಎರಡು ರೇಷನ್ ಕಾರ್ಡಿದ್ದ ಕಾಲವೂ ಇತ್ತು ಎಂಬುದು ನನಗೆ ನೆನಪಿದೆ, ಹೇಳಲಿಲ್ಲ. ನಾನೇನೂ ಹರಿಶ್ಚಂದ್ರನಲ್ಲ. ಆದರೆ ಎರಡು ಏಸಿ, ಎರಡು ಗೀಸರು, ಮನೆಯಿಂದಲೇ ಕೆಲಸ ಮಾಡುವ ಇಬ್ಬರು ಇರುವ ಮನೆ ಬೇಸಿಗೆಯಲ್ಲಿ 200ರ ಒಳಗೆ ನಿಲ್ಲುವುದಿಲ್ಲ. ಉಚಿತದ ಆಸೆಗೆ ತಿಂಗಳಿಡೀ ಮೀಟರು ನೋಡುತ್ತ, ಇಪ್ಪತ್ತೈದನೇ ತಾರೀಖಿನ ನಂತರ ಕೆಳಗಿನವರು ಮೇಲೆ ಸ್ನಾನ ಮಾಡುವ ಸಂಸಾರ ನನಗೆ ಬೇಡ.

ಮಗನ ಕಾರಣ ಇನ್ನೊಂದು. ಅವನಿಗೆ ಟೆರೇಸಿನ ಮೇಲೆ ಸೋಲಾರ್ ಹಾಕಿಸಬೇಕು. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ. ಆದರೆ ನಮ್ಮಂಥ ಮನೆಯಲ್ಲಿ ಪ್ಯಾನಲ್ಲಿನ ಕರೆಂಟು ಅದು ಯಾವ ಮೀಟರಿಗೆ ಜೋಡಣೆಯೋ ಆ ಬಿಲ್ಲನ್ನಷ್ಟೇ ಇಳಿಸುತ್ತದೆ. ಮೇಲಿನ ಮೀಟರಿಗೆ ಹಾಕಿದರೆ ಸೂರ್ಯ ಮಗನ ಪಾಲಿಗೆ, ಕೆಳಗಿನದಕ್ಕೆ ಹಾಕಿದರೆ ನಮ್ಮ ಪಾಲಿಗೆ. ಸೂರ್ಯನನ್ನೂ ಪಾಲು ಮಾಡುವುದು ಬೇಡ ಎಂದು ಅಲ್ಲಿಗೆ ತೀರ್ಮಾನವಾಯಿತು.

ಹಳೇ ಲೈನುಗಳನ್ನು ಒಂದೊಂದಾಗಿ ಬಿಚ್ಚಿ ನೋಡುವ ಕೆಲಸ ಶುರುವಾದಾಗ ಮೆಟ್ಟಿಲ ದೀಪದ ಸರದಿ ಬಂತು. ಈ ದೀಪದ ಬಗ್ಗೆ ಎರಡು ಮಾತು ಹೇಳಲೇಬೇಕು. ಬಾಡಿಗೆ ಮನೆಗಳ ಇತಿಹಾಸದಲ್ಲಿ ಮೆಟ್ಟಿಲ ದೀಪದಷ್ಟು ಜಗಳ ಕಂಡ ವಸ್ತು ಇನ್ನೊಂದಿಲ್ಲ. ಹತ್ತುವವರು ಮೇಲಿನವರು, ಕಂಬಿ ಗೇಟು ಕೆಳಗಿನವರದು. ಹಾಕಿದವರು ಆರಿಸುವುದಿಲ್ಲ, ಆರಿಸಿದವರನ್ನು ಹಾಕಿದವರು ಕ್ಷಮಿಸುವುದಿಲ್ಲ. ನಮ್ಮಲ್ಲಿ ಅದಕ್ಕೆ ಟೂ ವೇ ಸ್ವಿಚ್ಚು, ಕೆಳಗೊಂದು ಮೇಲೊಂದು. ಯಾರ ಮೀಟರಿನದು ಎಂದು ಯಾವ ಬಾಡಿಗೆದಾರರು ಕೇಳಿದರೂ "ನಮ್ಮದರಲ್ಲೇ ಇದೆ, ನೀವು ಚಿಂತೆ ಮಾಡಬೇಡಿ" ಎಂದು ನಮ್ಮನೆಯವಳು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದಳು.

ಭಾಯಿ ಮೇಲಿನ ಮನೆಯ ಡಬಲ್ ಪೋಲ್ ಎಂಸಿಬಿ ಇಳಿಸಿದರು. ಫೇಸು, ನ್ಯೂಟ್ರಲ್ಲು ಎರಡೂ ಕಡಿದಂತಾಯಿತು. ಬೋರ್ಡಿನ ಮುಚ್ಚಳ ತೆಗೆದು, ಅಭ್ಯಾಸಬಲದಿಂದ, ನ್ಯೂಟ್ರಲ್ ಲಿಂಕಿನ ಹಿತ್ತಾಳೆ ಪಟ್ಟಿಗೆ ಟೆಸ್ಟರ್ ಮುಟ್ಟಿಸಿದರು. ಒಳಗಿನ ಕಡ್ಡಿ ದೀಪ ಕೆಂಪಗೆ ಹೊತ್ತಿತು. ಮೇನು ಆರಿದೆ, ಇರುವುದು ನ್ಯೂಟ್ರಲ್ಲು, ಆದರೂ ಕರೆಂಟು. ಭಾಯಿ ಕೈ ಹಿಂದೆಗೆದು ಒಂದು ಗಳಿಗೆ ಸುಮ್ಮನೆ ನಿಂತರು. ಆಮೇಲೆ ಮೆಟ್ಟಿಲ ಕಡೆ ತಿರುಗಿ, "ಪಾಪು, ಆ ಲೈಟ್ ಆಫ್ ಮಾಡಮ್ಮ" ಎಂದು ಮೊಮ್ಮಗಳಿಗೆ ಹೇಳಿದರು. ಅವಳು ಸ್ವಿಚ್ಚು ಒತ್ತಿದಳು. ಟೆಸ್ಟರ್ ಆರಿತು. "ಇನ್ನೊಂದ್ಸಲ." ಹೊತ್ತಿತು. ಅವಳಿಗೆ ಅದು ಆಟವಾಗಿ ಕಂಡಿತು, ನನಗೆ ಬೆವರು.

ಆಗಿದ್ದಿಷ್ಟು. ಮಹಡಿ ಎತ್ತಿದ ಕಾಲದಲ್ಲಿ ಯಾರೋ ವೈರು ಉಳಿಸಲು ಮೆಟ್ಟಿಲ ದೀಪಕ್ಕೆ ಫೇಸನ್ನು ಕೆಳಗಿನಿಂದ, ನ್ಯೂಟ್ರಲ್ಲನ್ನು ಹತ್ತಿರವಿದ್ದ ಮೇಲಿನ ಬೋರ್ಡಿನಿಂದ ಕೊಟ್ಟುಬಿಟ್ಟಿದ್ದಾರೆ. ಎರಡೂ ಮೇನು ಹಾಕಿರುವಾಗ ದೀಪ ಸೊಗಸಾಗಿ ಉರಿಯುತ್ತದೆ. ಮೇಲಿನ ಮೇನು ಆರಿಸಿದ ಕೂಡಲೇ ಕೆಳಗಿನ ಫೇಸು ಬಲ್ಬಿನ ಮೂಲಕ ಹಾದು ಮೇಲಿನ ಮನೆಯ ನ್ಯೂಟ್ರಲ್ಲಿಗೆಲ್ಲ ಹರಡಿಕೊಳ್ಳುತ್ತದೆ. ಕರೆಂಟು ಇಲ್ಲವೆಂದು ನಂಬಿ ಕೈ ಹಾಕಿದವನ ಗತಿ ಹೇಳಬೇಕಿಲ್ಲ.

ಲೆಕ್ಕಾಚಾರದ ತಮಾಷೆ ಅದರ ಮೇಲೆ. ಈಗಿನ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಹಲವು ಕಳ್ಳತನ ತಡೆಯಲೆಂದು ಫೇಸನ್ನೂ ನ್ಯೂಟ್ರಲ್ಲನ್ನೂ ಅಳೆದು, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಯೂನಿಟ್ಟು ಹಾಕುತ್ತವೆ. ನಮ್ಮ ದೀಪದ ಕರೆಂಟು ಕೆಳಗಿನ ಮೀಟರಿನಲ್ಲಿ ಫೇಸಾಗಿ ಹೋಗಿ, ಮೇಲಿನ ಮೀಟರಿನಲ್ಲಿ ನ್ಯೂಟ್ರಲ್ಲಾಗಿ ಬರುತ್ತಿತ್ತು. ಅಂದರೆ ಅರವತ್ತು ವ್ಯಾಟಿನ ಬಲ್ಬಿದ್ದ ದಿನಗಳಲ್ಲಿ, ಮಿಕ್ಕೆಲ್ಲ ಆರಿ ಮನೆ ಮಲಗಿದ ಹೊತ್ತಿನಲ್ಲಿ, ಆ ಒಂದು ದೀಪಕ್ಕೆ ಎರಡೂ ಮನೆಯವರು ದುಡ್ಡು ತೆತ್ತಿರಲು ಸಾಕು. ನಮ್ಮನೆಯವಳ ಹೆಮ್ಮೆಗೆ ಪೆಟ್ಟು ಬೀಳಬಾರದೆಂದು ಇದನ್ನು ನಾನು ಮಗನಿಗೆ ಮಾತ್ರ ಹೇಳಿದೆ.

ಇಂಥ ಎರವಲು ನ್ಯೂಟ್ರಲ್ಲು ಹಿಡಿಯಲು ಒಳ್ಳೆಯ ಉಪಾಯ ಆರ್‌ಸಿಸಿಬಿ. ಜನ ಇದನ್ನು ಇನ್ನೂ ಇಎಲ್‌ಸಿಬಿ ಎಂದೇ ಕರೆಯುವುದು. ನಮ್ಮ ಚಿಕ್ಕಮ್ಮ ಪಕ್ಕದ ಮನೆಗೆ ಪಾತ್ರೆ ಎರವಲು ಕೊಟ್ಟರೆ ಸೌಟು, ಮುಚ್ಚಳ ಎಲ್ಲ ಎಣಿಸಿ ಕೊಟ್ಟು ಎಣಿಸಿಯೇ ವಾಪಸು ತೆಗೆದುಕೊಳ್ಳುತ್ತಿದ್ದಳು. ಆರ್‌ಸಿಸಿಬಿಯದು ಅದೇ ಜಾತಕ. ಫೇಸಿನಲ್ಲಿ ಹೋದಷ್ಟು ಕರೆಂಟು ನ್ಯೂಟ್ರಲ್ಲಿನಲ್ಲಿ ವಾಪಸು ಬಂತೇ ಎಂದು ಎಣಿಸುತ್ತ ಕೂತಿರುತ್ತದೆ. ಮನೆಗೆ ಹಾಕುವ 30 ಮಿಲಿ ಆಂಪಿಯರಿನದು ಅಷ್ಟು ಸೋರಿದರೂ ಸೈರಿಸದೆ ಬಿದ್ದುಬಿಡುತ್ತದೆ. ಎಷ್ಟೋ ಮನೆಗಳಲ್ಲಿ ಹೊಸ ಆರ್‌ಸಿಸಿಬಿ ನಿಲ್ಲುವುದೇ ಇಲ್ಲವೆಂದು ಅದನ್ನೇ ಬೈದು ಕಿತ್ತುಹಾಕಿಸಿರುತ್ತಾರೆ. ಹೆಚ್ಚಿನ ಸಲ ತಪ್ಪು ಅದರದ್ದಲ್ಲ, ಎಲ್ಲೋ ಒಳಗೆ ಕಲೆತುಹೋದ ನ್ಯೂಟ್ರಲ್ಲಿನದು. ಭಾಯಿ ಮೆಟ್ಟಿಲ ದೀಪಕ್ಕೆ ಬೇರೆ ಜೋಡಿ ಎಳೆದರು. ಅದೇ ನೆಪದಲ್ಲಿ ಎರಡೂ ಮನೆಯ ನ್ಯೂಟ್ರಲ್ಲುಗಳನ್ನೆಲ್ಲ ಒಂದೊಂದಾಗಿ ವಿಂಗಡಿಸಿ ಕಪ್ಪು ವೈರಿನ ಮೇಲೆ ಬಿಳಿ ಟೇಪು ಸುತ್ತಿ ನಂಬರು ಬರೆದರು. ತಂದೆಯ ಕಾಲದ ಅಲ್ಯೂಮಿನಿಯಂ ವೈರು ಮುಟ್ಟಿದರೆ ಮುರಿಯುವಂತಿತ್ತು. ಅದಷ್ಟನ್ನೂ ಎಳೆದು ಬಿಸಾಡಿ ದೀಪಕ್ಕೆ ಒಂದೂವರೆ, ಪವರ್ ಪ್ಲಗ್ಗಿಗೆ ನಾಲ್ಕು ಎಂಎಂ ತಾಮ್ರ ಹಾಕಿದ್ದಾಯಿತು. ಎರಡು ಅರ್ಥಿಂಗ್ ಗುಂಡಿಗಳು ಮಾತ್ರ ಉಳಿದವು. ಅವೆರಡನ್ನೂ ಒಂದಕ್ಕೊಂದು ಪಟ್ಟಿಯಿಂದ ಸೇರಿಸಿದರು. ಕರಿಬೇವಿನ ಗಿಡದ ಬುಡದಲ್ಲಿರುವ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದು ಮುಂಚಿನಿಂದ ನಮ್ಮನೆಯವಳ ಇಲಾಖೆ. ಈಗ ಎರಡನೆಯದರ ಚಾರ್ಜೂ ಅವಳಿಗೇ ಬಂತು.

ಇನ್ನು ಎಷ್ಟು ಕಿಲೋವ್ಯಾಟು ಕೇಳಬೇಕು ಎಂಬ ಪ್ರಶ್ನೆ. ನಾನು ಕಾಗದ ಪೆನ್ನು ಹಿಡಿದು ಗೀಸರ್ 2000, ಇಸ್ತ್ರಿ 1000, ಒಂದು ಎಚ್‌ಪಿ ಮೋಟಾರು 746, ಫ್ಯಾನು 75ರಂತೆ ಎಂಟು ಎಂದು ಪಟ್ಟಿ ಮಾಡಿದೆ. ಮೊತ್ತ ನೋಡಿದರೆ ಸಣ್ಣ ಹಿಟ್ಟಿನ ಗಿರಣಿಯನ್ನೇ ನಡೆಸಬಹುದಿತ್ತು. ಭಾಯಿ ಕಾಗದ ಪಕ್ಕಕ್ಕಿಟ್ಟು ಎಲ್ಲರನ್ನೂ ಕರೆಸಿದರು. "ಬೆಳಿಗ್ಗೆ ಏಳು ಗಂಟೆಗೆ ಯಾರ್ಯಾರು ಏನೇನ್ ಮಾಡ್ತೀರಿ?"

ಮನೆಯೊಳಗೆ ಯಾರೂ ಇದುವರೆಗೆ ಬಾಯಿಬಿಟ್ಟು ಕೇಳದ ಪ್ರಶ್ನೆ ಅದು. ಸೊಸೆಗೆ ಏಳೂಕಾಲಿಗೆ ಸ್ನಾನ, ಮಗಳ ಸ್ಕೂಲ್ ವ್ಯಾನು ಎಂಟಕ್ಕೆ. ಮಗ ಆ ಹೊತ್ತಿಗೆ ಏಳುವುದೇ ಇಲ್ಲ ಎಂಬುದನ್ನು ಸೊಸೆಯೇ ಹೇಳಿದಳು. ನನ್ನ ಸ್ನಾನ ಆರಕ್ಕೆ ಮುಗಿದಿರುತ್ತದೆ. ನಮ್ಮನೆಯವಳು ಏಳಕ್ಕೆ ಚಟ್ನಿಗೆ ಮಿಕ್ಸಿ, ಜೊತೆಗೇ ಸಂಪಿನ ಮೋಟಾರು. "ಮೋಟಾರು ಒಂಬತ್ತಕ್ಕೆ ಹಾಕಿದ್ರೆ ಆಗಲ್ವಾ ಅತ್ತೆ?" ಎಂದಳು ಸೊಸೆ. "ಮೂವತ್ತು ವರ್ಷದಿಂದ ಏಳಕ್ಕೇ ಹಾಕ್ತಿರೋದು" ಎಂದಳು ಇವಳು. ಭಾಯಿ ಇಬ್ಬರ ಮುಖವನ್ನೂ ನೋಡದೆ, ಮೋಟಾರಿಗೂ ಅಡಿಗೆಮನೆಗೂ ಒಂದು ಫೇಸು, ಮೇಲಿನ ಗೀಸರಿಗೆ ಒಂದು, ಕೆಳಗಿನ ಗೀಸರಿಗೆ ಒಂದು ಎಂದು ಬರೆದುಕೊಂಡರು. ಒಂದು ಕೋಣೆಯ ಪ್ಲಗ್ಗುಗಳೆಲ್ಲ ಒಂದೇ ಫೇಸಿನಲ್ಲಿ ಇರಬೇಕು ಎಂಬುದನ್ನೂ ಅದರಡಿ ಗೀಟೆಳೆದು ಬರೆದರು. ಮೋಟಾರು ಏಳಕ್ಕೇ ಉಳಿಯಿತು. ಎಲ್ಲರೂ ಎಲ್ಲವನ್ನೂ ಒಟ್ಟಿಗೆ ಹಾಕುವುದಿಲ್ಲ ಎಂಬ ನಂಬಿಕೆಯ ಮೇಲೆ 5 ಕಿಲೋವ್ಯಾಟು, ತ್ರೀ ಫೇಸು.

ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿಯ ಮಗನಿಗೆ ಇದನ್ನು ಹೇಳಿದರೆ ನಕ್ಕ. ಅವನೂ ಎರಡು ಸಂಸಾರದ ಹಳೇ ಮರದ ಮನೆ ಕೊಂಡು ಒಂದು ಮಾಡಿಕೊಂಡವನು. ಅಲ್ಲಿಯ ನಿಯಮಾವಳಿಯ ಪ್ರಕಾರ ಸಾಮಾನ್ಯವಾಗಿ ಒಂದು ಕಟ್ಟಡಕ್ಕೆ ಒಂದೇ ಸರ್ವಿಸು. ಒಂದು ಸಂಸಾರದ ಮನೆಯಾದರೆ ಮೇನು ಕನಿಷ್ಠ 100 ಆಂಪಿಯರ್. 240 ವೋಲ್ಟಿಗೆ ಅದು 24 ಕಿಲೋವ್ಯಾಟಾಯಿತು. ನಮ್ಮ 5 ಅದರ ಕಾಲುಭಾಗವೂ ಅಲ್ಲ. ಅಲ್ಲಿ ಬಟ್ಟೆ ಒಣಗುವುದೂ ಕರೆಂಟಿನಿಂದ, ಇಲ್ಲಿ ಟೆರೇಸಿದೆ. ಅವನ ಎಲೆಕ್ಟ್ರಿಷಿಯನ್ ಎರಡನೇ ಪ್ಯಾನಲ್ಲನ್ನು ಕೀಳದೆ ಮೊದಲನೆಯದರ ಅಡಿಯಾಳಾಗಿ ಇಟ್ಟನಂತೆ. ಆದರೆ ಅದರೊಳಗೆ ನ್ಯೂಟ್ರಲ್ಲು, ಅರ್ಥು ಒಂದನ್ನೊಂದು ಮುಟ್ಟದಂತೆ ಬೇರೆ ಮಾಡಿ; ಅವೆರಡೂ ಸೇರುವುದು ಮೊದಲ ಮೇನಿನಲ್ಲಿ ಮಾತ್ರ. ಇದನ್ನು ಕೇಳಿ ಭಾಯಿಗೆ ಅಮೆರಿಕದ ಮೇಲೆ ಗೌರವ ಹುಟ್ಟಿತು. "ಅಲ್ಲೂ ನ್ಯೂಟ್ರಲ್ಲೇ ತಲೆನೋವಾ?" ಎಂದು ಸಮಾಧಾನಪಟ್ಟರು. ತ್ರೀ ಫೇಸ್ ಮನೆಯಲ್ಲಿ ಅವರಿಗಿರುವ ಭಯ ಅದೊಂದೇ. ಮೇನಿನ ನ್ಯೂಟ್ರಲ್ಲು ಸಡಿಲವಾದರೆ ಒಂದು ಫೇಸಿನಲ್ಲಿ ವೋಲ್ಟೇಜು ಕುಸಿದು ಇನ್ನೊಂದರಲ್ಲಿ ಏರಿ, ಟಿವಿ, ಫ್ರಿಜ್ಜು ಸಾಲಾಗಿ ಸುಟ್ಟುಹೋಗುತ್ತವೆ. ಆದ್ದರಿಂದ ನ್ಯೂಟ್ರಲ್ಲಿಗೆ ಎಂದೂ ಫ್ಯೂಸು ಹಾಕಕೂಡದು, ಲಿಂಕಿನ ಸ್ಕ್ರೂವನ್ನು ಎರಡು ಸಲ ಬಿಗಿಯಬೇಕು. ಅವರು ಮೂರು ಸಲ ಬಿಗಿದರು.

ಕಚೇರಿಯ ಕೆಲಸ ನಾನು ಹೆದರಿದಷ್ಟಿರಲಿಲ್ಲ. ನಾವು ಬಾಯಲ್ಲಿ ಇನ್ನೂ ಕೆಇಬಿ ಎನ್ನುತ್ತೇವೆ. ಅದು ಕೆಪಿಟಿಸಿಎಲ್ ಆಗಿ, 2002ರಲ್ಲಿ ಬೆಸ್ಕಾಂ ಬಂದು, ಈಗ ಮೊಬೈಲಿನಲ್ಲೇ ಬಿಲ್ಲು ಕಟ್ಟುವಂತಾಗಿದೆ. ಖಾತಾ, ಕಂದಾಯದ ರಸೀತಿ, ಎರಡೂ ನಂಬರಿಗೆ ಬಾಕಿ ಇಲ್ಲವೆಂಬ ಬಿಲ್ಲು, ಲೈಸೆನ್ಸಿರುವ ಕಂಟ್ರಾಕ್ಟರು ಸಹಿ ಮಾಡಿದ ವೈರಿಂಗ್ ನಕ್ಷೆ, ಮೆಗ್ಗರ್ ಹಾಕಿ ನೋಡಿದ ಟೆಸ್ಟ್ ರಿಪೋರ್ಟು. ಒಂದು ನಂಬರು ಸರೆಂಡರು, ಇನ್ನೊಂದಕ್ಕೆ ಹೆಚ್ಚುವರಿ ಲೋಡು. ಹಿಂದಿನ ಬಾಡಿಗೆದಾರರ ಆಧಾರು ಮೇಲಿನ ನಂಬರಿಗೆ ಅಂಟಿಕೊಂಡಿತ್ತು. ಫೋನು ಮಾಡಿದ್ದಕ್ಕೆ ಅವರು ಫ್ಲ್ಯಾಟಿನಲ್ಲಿ ಕೂತೇ ಸೇವಾಸಿಂಧುವಿನಲ್ಲಿ ಬಿಡಿಸಿಕೊಟ್ಟರು.

ಕೂತು ಯೋಚಿಸಬೇಕಾಗಿ ಬಂದದ್ದು ಯಾವ ನಂಬರು ಉಳಿಸುವುದು ಎಂಬಲ್ಲಿ. ಕೆಳಗಿನ ಬಿಲ್ಲು ಇನ್ನೂ ತಂದೆಯ ಹೆಸರಿನಲ್ಲೇ ಬರುತ್ತಿತ್ತು. ಅವರು ತೀರಿಕೊಂಡು ವರ್ಷಗಳಾದರೂ ತಿಂಗಳಿಗೊಮ್ಮೆ ಮೀಟರ್ ರೀಡರು ಅವರ ಹೆಸರಿನ ಚೀಟಿ ಹರಿದು ಗೇಟಿಗೆ ಸಿಕ್ಕಿಸಿ ಹೋಗುತ್ತಿದ್ದ. ಖಾತೆ ನನ್ನ ಹೆಸರಿಗೆ ಆಗಿದೆ, ಬ್ಯಾಂಕು, ರೇಷನ್ನು, ಓಟರ್ ಪಟ್ಟಿ ಎಲ್ಲ ಕಡೆಯಿಂದ ಅವರ ಹೆಸರು ಹೋಗಿದೆ. ಕರೆಂಟು ಬಿಲ್ಲಿನಲ್ಲಿ ಮಾತ್ರ ಅವರು ಬಾಕಿಯಿಲ್ಲದ ಗ್ರಾಹಕರಾಗಿ ಮುಂದುವರಿದಿದ್ದರು. ನಂಬರು ಉಳಿಸಿಕೊಳ್ಳಬಹುದು, ಹೆಸರು ಬದಲಾಯಿಸಲೇಬೇಕು ಎಂದರು ಕಚೇರಿಯಲ್ಲಿ. ನ್ಯಾಯವೇ. ಆ ಹಳೇ ನಂಬರನ್ನೇ ಇಟ್ಟುಕೊಂಡೆ. ಠೇವಣಿ ಪುಸ್ತಕದಲ್ಲಿ ತಂದೆ ಕಟ್ಟಿದ ಅಷ್ಟಿಷ್ಟು ರೂಪಾಯಿಯ ಮೇಲೆ ಈಗಿನ ಎರಡು ತಿಂಗಳ ಬಿಲ್ಲಿನ ಲೆಕ್ಕದ ಹೆಚ್ಚುವರಿ ಠೇವಣಿ ಕಟ್ಟಿ, ಮೇಲಿನ ನಂಬರಿನ ಠೇವಣಿಯನ್ನು ಕೊನೇ ಬಿಲ್ಲಿಗೆ ವಜಾ ಹಾಕಿಸಿಕೊಂಡು ಬಂದೆ.

ತ್ರೀ ಫೇಸ್ ಮೀಟರು ಕೂತಿತು. ಭಾಯಿ ಹೊಸ ಡಿಬಿಯ ಬಾಗಿಲು ತೆಗೆದು ಒಂದೊಂದು ಎಂಸಿಬಿಯ ಕೆಳಗೂ ಕನ್ನಡದಲ್ಲಿ ಚೀಟಿ ಅಂಟಿಸಿದರು: ಹಾಲು, ಅಡಿಗೆ, ಮೋಟಾರು, ಮೇಲಿನ ಗೀಸರು, ಮೆಟ್ಟಿಲು. ಕೊನೆಗೆ ಎರಡು ಮನೆ ಖಾಲಿ ಬಿಟ್ಟಿದ್ದರು. ಇದು ಏತಕ್ಕೆ ಎಂದು ಸೊಸೆ ಕೇಳಿದಳು.

"ಮುಂದೆ ಏನಾದ್ರೂ ಬರ್ತದಲ್ಲಮ್ಮ."

"ಎಲೆಕ್ಟ್ರಿಕ್ ಕಾರಿಗೆ" ಎಂದ ಮಗ ತಕ್ಷಣ. ಅವನ ಕಣ್ಣಿರುವ ಕಾರಿನ ಚಾರ್ಜರು 7 ಕಿಲೋವ್ಯಾಟು ಎಂದು ಕೇಳಿ ಭಾಯಿ ಡಿಬಿಯ ಬಾಗಿಲನ್ನು ಅಲ್ಲಿಗೇ ಮುಚ್ಚಿದರು. ಅದಕ್ಕೆ ಮತ್ತೆ ಲೋಡು ಹೆಚ್ಚಿಸಬೇಕು, ಮತ್ತೆ ಕೇಬಲ್ಲು, ಮತ್ತೆ ಠೇವಣಿ.

"ಕಾರು ಆಮೇಲೆ ನೋಡೋಣ. ಆ ಇನ್ನೊಂದು ನನ್ನ ಗ್ರೈಂಡರಿಗೆ ಬರೆದುಬಿಡಿ ಭಾಯಿ" ಎಂದಳು ನಮ್ಮನೆಯವಳು.

ಭಾಯಿ ಚೀಟಿ ಹರಿದು ಪೆನ್ನು ತೆಗೆದರು.